ಅದೇ ಗಾಳಿ, ಅದೇ ಪಿಚ್

1968ರ ಅಕ್ಟೋಬರ್ 18. ಮೆಕ್ಸಿಕೊ ಒಲಿಂಪಿಕ್ಸ್‌ನ ಉದ್ದ ಜಿಗಿತದ ಫೈನಲ್. ಅಮೆರಿಕದ ಬಾಬ್ ಬೀಮನ್ ಮೊದಲ ಯತ್ನದಲ್ಲೇ ಹಾರಿ ಬಿದ್ದ ಜಾಗಕ್ಕೆ, ದೂರ ಅಳೆಯಲು ಇಟ್ಟಿದ್ದ ಯಂತ್ರದ ಹಳಿ ಮುಟ್ಟಲೇ ಇಲ್ಲ. ಅಧಿಕಾರಿಗಳು ಉಕ್ಕಿನ ಟೇಪು ತಂದು ಅಳೆದರು. ಫಲಕದಲ್ಲಿ 8.90 ಮೀಟರ್ ಎಂದು ಮೂಡಿತು. ಮೀಟರ್ ಲೆಕ್ಕ ರೂಢಿಯಿಲ್ಲದ ಬೀಮನ್ ಅವರಿಗೆ ಅದೆಷ್ಟೆಂದು ತಿಳಿಯಲಿಲ್ಲ. 29 ಅಡಿ ದಾಟಿದೆ ಎಂದು ತಂಡದ ರಾಲ್ಫ್ ಬಾಸ್ಟನ್ ಹೇಳಿದ ಮೇಲೆ ಕಾಲಿನ ಬಲ ಉಡುಗಿ ನೆಲಕ್ಕೆ ಕುಸಿದರು.

1935ರಲ್ಲಿ ಜೆಸ್ಸಿ ಓವೆನ್ಸ್ 8.13 ಮೀಟರ್ ಹಾರಿದ್ದರು. ಅಲ್ಲಿಂದ 33 ವರ್ಷ ಜಗತ್ತಿನ ಜಿಗಿತಗಾರರೆಲ್ಲ ಸೇರಿ ಆ ದಾಖಲೆಗೆ ಕೂಡಿಸಿದ್ದು ಬರೀ 22 ಸೆಂಟಿಮೀಟರ್. ಬೀಮನ್ ಒಂದೇ ನೆಗೆತಕ್ಕೆ 55 ಕೂಡಿಸಿದರು!

ಕ್ರೀಡೆಯ ಅತಿ ದೊಡ್ಡ ದಾಖಲೆ ಯಾವುದೆಂಬ ವಾದ ಎದ್ದಾಗಲೆಲ್ಲ ಬೀಮನ್ ಹೆಸರು ಬರುತ್ತದೆ. ಜೊತೆಗೇ ಆಕ್ಷೇಪಗಳೂ ಬರುತ್ತವೆ. ಮೆಕ್ಸಿಕೊ ಸಿಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿ ತೆಳು. ಬೆನ್ನಿಗಿದ್ದ ಗಾಳಿಯ ವೇಗವೂ ನಿಯಮ ಒಪ್ಪುವ ಗರಿಷ್ಠ ಮಿತಿಯಷ್ಟೇ, ಸೆಕೆಂಡಿಗೆ 2 ಮೀಟರ್. ಇವೆಲ್ಲ ನಿಜ. ಆದರೆ ಅದೇ ಊರಿನ ಅದೇ ತೆಳುಗಾಳಿಯಲ್ಲಿ ಬೆಳ್ಳಿ ಗೆದ್ದ ಕ್ಲಾಸ್ ಬೀರ್ ಹಾರಿದ್ದು 8.19 ಮೀಟರ್. ಬೀಮನ್ ನಂತರ ಮಳೆ ಬಂದು ಉಳಿದವರಿಗೆ ತೊಡಕಾಯಿತು ಎಂದು ಒಪ್ಪಿಕೊಂಡರೂ, 71 ಸೆಂಟಿಮೀಟರ್ ಅಂತರವನ್ನು ಮಳೆಯ ತಲೆಗೆ ಕಟ್ಟಲಾಗದು. 1991ರಲ್ಲಿ ಮೈಕ್ ಪೊವೆಲ್ 8.95 ಮೀಟರ್ ಹಾರಿ ವಿಶ್ವದಾಖಲೆ ಮುರಿದರು; ಒಲಿಂಪಿಕ್ ದಾಖಲೆ ಇಂದಿಗೂ ಬೀಮನ್ ಹೆಸರಿನಲ್ಲೇ ಇದೆ.

ಓಟವನ್ನೂ ಕ್ರಿಕೆಟ್ಟನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಕಷ್ಟ. ಹಾಗಾಗಿ ಪ್ರತಿ ದಾಖಲೆಗೂ ಕೇಳಬೇಕಾದ ಪ್ರಶ್ನೆ ಇದು: ಅದೇ ಹೊತ್ತಿನಲ್ಲಿ, ಅದೇ ಜಾಗದಲ್ಲಿ ಪಕ್ಕದವರಿಗೆ ಏನಾಯಿತು?

ಈ ಪ್ರಶ್ನೆ ಕೆಲವು ದಾಖಲೆಗಳ ಮೇಲೆ ನೆರಳು ಬೀಳಿಸುತ್ತದೆ. 1988ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ 100 ಮೀಟರ್ ಓಟವನ್ನು 10.49 ಸೆಕೆಂಡಿನಲ್ಲಿ ಮುಗಿಸಿದಾಗ ಗಾಳಿಮಾಪಕ ಸೊನ್ನೆ ತೋರಿಸಿತ್ತು. ಅದೇ ಹೊತ್ತಿಗೆ ಪಕ್ಕದಲ್ಲೇ ನಡೆಯುತ್ತಿದ್ದ ಟ್ರಿಪಲ್ ಜಂಪ್‌ನ ಮಾಪಕದಲ್ಲಿ ಗಾಳಿಯ ವೇಗ ಸೆಕೆಂಡಿಗೆ 4.3 ಮೀಟರ್. ದಾಖಲೆ ಪಟ್ಟಿಯಲ್ಲಿ ಉಳಿದಿದೆ, ಅನುಮಾನವೂ ಉಳಿದಿದೆ.

ಇನ್ನು ಕೆಲವು ದಾಖಲೆಗಳು ಇದೇ ಪ್ರಶ್ನೆಗೆ ಎದೆಯೊಡ್ಡಿ ನಿಲ್ಲುತ್ತವೆ. 1956ರ ಮ್ಯಾಂಚೆಸ್ಟರ್ ಟೆಸ್ಟ್‌ನಲ್ಲಿ ಇಂಗ್ಲೆಂಡಿನ ಆಫ್ ಸ್ಪಿನ್ನರ್ ಜಿಮ್ ಲೇಕರ್ ಆಸ್ಟ್ರೇಲಿಯಾದ 20 ವಿಕೆಟ್‌ಗಳಲ್ಲಿ 19 ಕಿತ್ತರು, ಕೊಟ್ಟಿದ್ದು 90 ರನ್. ಪಿಚ್ ಸ್ಪಿನ್ನರ್‌ಗಳ ಸ್ವರ್ಗವಾಗಿತ್ತು ಎಂಬುದು ಹಳೆಯ ಟೀಕೆ. ಹಾಗಿದ್ದರೆ ಇನ್ನೊಂದು ತುದಿಯ ಟೋನಿ ಲಾಕ್ ಅವರ ಲೆಕ್ಕವನ್ನೂ ನೋಡಬೇಕು. ಅವರೂ ಆ ಕಾಲದ ಹೆಸರಾಂತ ಸ್ಪಿನ್ನರ್. ಲೇಕರ್ ಆ ಪಂದ್ಯದಲ್ಲಿ ಎಸೆದದ್ದು 68 ಓವರ್, ಲಾಕ್ 69. ಲಾಕ್‌ಗೆ ದಕ್ಕಿದ್ದು ಒಂದೇ ವಿಕೆಟ್, ಅದೂ 106 ರನ್ ಕೊಟ್ಟು.

ಕನ್ನಡಿಗರಿಗೆ ಇಲ್ಲಿ ನೆನಪಾಗುವುದು 1999ರ ಫೆಬ್ರುವರಿ 7, ದೆಹಲಿಯ ಫಿರೋಜ್ ಷಾ ಕೋಟ್ಲಾ. 420 ರನ್ ಬೆನ್ನಟ್ಟಿದ ಪಾಕಿಸ್ತಾನ ವಿಕೆಟ್ ನಷ್ಟವಿಲ್ಲದೆ 101 ರನ್ ಗಳಿಸಿತ್ತು. ಅಲ್ಲಿಂದ 207 ರನ್ನಿಗೆ ತಂಡ ಮುಗಿದಾಗ ಹತ್ತೂ ವಿಕೆಟ್ ಅನಿಲ್ ಕುಂಬ್ಳೆ ಪಾಲಾಗಿದ್ದವು, 74 ರನ್ನಿಗೆ. ಒಂಬತ್ತು ಬಿದ್ದ ಮೇಲೆ ಇನ್ನೊಂದು ತುದಿಯಲ್ಲಿ ಚೆಂಡು ಹಿಡಿದ ಮೈಸೂರಿನ ಜಾವಗಲ್ ಶ್ರೀನಾಥ್, ತಪ್ಪಿಯೂ ವಿಕೆಟ್ ಬೀಳದಿರಲಿ ಎಂದು ಸ್ಟಂಪಿನಿಂದ ದೂರ ದೂರ ಎಸೆದರು. ಕೊನೆಗೆ ವಾಸಿಂ ಅಕ್ರಂ, ಲಕ್ಷ್ಮಣ್ ಕೈಗೆ ಕ್ಯಾಚಿತ್ತರು. ಗೆಳೆಯನ ಈ ತ್ಯಾಗ ಕುಂಬ್ಳೆ ಸಾಧನೆಯನ್ನು ಕಿಂಚಿತ್ತೂ ಕುಗ್ಗಿಸುವುದಿಲ್ಲ. ಮೊದಲ ಒಂಬತ್ತನ್ನು ಯಾರೂ ಬಿಟ್ಟುಕೊಟ್ಟಿರಲಿಲ್ಲ.

ಬೀಮನ್, ಲೇಕರ್, ಕುಂಬ್ಳೆ ಅವರದು ಒಂದು ಗಳಿಗೆಯ, ಒಂದು ಪಂದ್ಯದ ಎತ್ತರ. ಅದೇ ಎತ್ತರದಲ್ಲಿ ಇಪ್ಪತ್ತು ವರ್ಷ ನಿಂತವರು ಡಾನ್ ಬ್ರಾಡ್‌ಮನ್. 52 ಟೆಸ್ಟ್, 6,996 ರನ್, ಸರಾಸರಿ 99.94. ಉಳಿದ ದಿಗ್ಗಜರು 60ರ ಆಸುಪಾಸಿನಲ್ಲೇ ನಿಲ್ಲುತ್ತಾರೆ: ಗ್ರೇಮ್ ಪೊಲಾಕ್ 60.97, ಜಾರ್ಜ್ ಹೆಡ್ಲಿ 60.83. ಆಸ್ಟ್ರೇಲಿಯಾದ ಅಂಕಿಅಂಶ ತಜ್ಞ ಚಾರ್ಲ್ಸ್ ಡೇವಿಸ್, ಒಬ್ಬ ಆಟಗಾರ ತನ್ನ ಆಟದ ಉಳಿದವರಿಗಿಂತ ಎಷ್ಟು ಮುಂದಿದ್ದಾನೆ ಎಂದು ಬೇರೆ ಬೇರೆ ಕ್ರೀಡೆಗಳಲ್ಲಿ ಲೆಕ್ಕ ಹಾಕಿದರು. ಆ ಅಳತೆಯಲ್ಲಿ ಫುಟ್‌ಬಾಲ್‌ನ ಪೆಲೆಗೆ 3.7 ಬಂತು, ಬ್ರಾಡ್‌ಮನ್‌ಗೆ 4.4.

ಬ್ರಾಡ್‌ಮನ್ ಟೆಸ್ಟ್ ಆಡಿದ್ದು ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡಿನಲ್ಲಿ ಮಾತ್ರ, ಈಗಿನ ಫೀಲ್ಡಿಂಗ್ ಆಗ ಇರಲಿಲ್ಲ ಎನ್ನುವವರಿದ್ದಾರೆ. ಆದರೆ ಅದೇ ಕಾಲದಲ್ಲಿ ಆಡಿದ ವಾಲಿ ಹ್ಯಾಮಂಡ್ ಅವರ ಸರಾಸರಿ 58.45. ಬ್ರಾಡ್‌ಮನ್ ಅವರನ್ನು ಕಟ್ಟಿಹಾಕಲೆಂದೇ ಇಂಗ್ಲೆಂಡ್ 1932–33ರಲ್ಲಿ ಮೈಗೆ ಗುರಿಯಿಡುವ ಬಾಡಿಲೈನ್ ಬೌಲಿಂಗ್ ಹೂಡಿತು. ಅದು ಫಲಿಸಿತು ಕೂಡ; ಅವರ ಟೆಸ್ಟ್ ಬದುಕಿನ ಅತಿ ಕಳಪೆ ಸರಣಿ ಅದೇ. ಅದರಲ್ಲಿ ಅವರ ಸರಾಸರಿ 56.57. ಸಚಿನ್ ತೆಂಡೂಲ್ಕರ್ ಅವರ ಇಡೀ ಟೆಸ್ಟ್ ಜೀವನದ ಸರಾಸರಿ 53.78.