ನಾಸಿಕ್‌ನಿಂದ ಸಂಭಾಜಿನಗರಕ್ಕೆ ಹಾರಬೇಕಾ?

ತ್ರ್ಯಂಬಕೇಶ್ವರ ಮುಗಿಸಿ ಘೃಷ್ಣೇಶ್ವರಕ್ಕೆ ಹೊರಡುವ ನಮ್ಮ ಕಡೆಯವರು ಕೇಳುವುದು ಒಂದೇ: "ಎರಡೂ ಊರಲ್ಲಿ ಏರ್‌ಪೋರ್ಟ್ ಇದೆಯಲ್ಲ, ವಿಮಾನದಲ್ಲೇ ಹೋದರಾಗದಾ?" ಮಂಡಿನೋವಿನ ಅಮ್ಮ ಕೇಳಿದ್ದೂ ಅದನ್ನೇ.

ಲೆಕ್ಕ ಹಾಕಿದೆ. ನಾಸಿಕ್‌ನ ಓಝರ್ ನಿಲ್ದಾಣದಿಂದ ಸಂಭಾಜಿನಗರದ ಚಿಕಲಠಾಣಾಕ್ಕೆ ನೇರ ಗೆರೆ ಎಳೆದರೆ ಸುಮಾರು 158 ಕಿ.ಮೀ. ಗಂಟೆಗೆ 500 ಕಿ.ಮೀ. ಹಾರುವ ಎಟಿಆರ್‌ಗೆ ಇಪ್ಪತ್ತು ನಿಮಿಷದ ದಾರಿ. ಏರುವುದು, ಇಳಿಯುವುದು ಸೇರಿದರೆ ಮುಕ್ಕಾಲು ಗಂಟೆ. ಆದರೆ ಓಝರ್ ಇರುವುದು ಊರಾಚೆ 20 ಕಿ.ಮೀ. ದೂರದಲ್ಲಿ. (ನಮ್ಮ ಬೆಂಗಳೂರಿನ ಎಚ್‌ಎಎಲ್ ಮಿಗ್, ಸುಖೋಯ್ ಕಟ್ಟಿದ್ದು ಅಲ್ಲೇ.) ಟ್ಯಾಕ್ಸಿ, ತಪಾಸಣೆ, ಲಗೇಜು ಎಂದು ನೇರ ವಿಮಾನಕ್ಕೂ ಮೂರು ಗಂಟೆ ಬೇಕು. ಮುಂಬೈ ಸುತ್ತಿ ಹಾರಿದರಂತೂ ಅರ್ಧ ದಿನವೇ ಹೋಯಿತು.

ನಾಸಿಕ್ ರೋಡ್‌ನಿಂದ ಮನ್ಮಾಡ್ ಮೇಲೆ ಹೋಗುವ ತಪೋವನ್ ಎಕ್ಸ್‌ಪ್ರೆಸ್‌ಗೂ ಮೂರು ಗಂಟೆ ಚಿಲ್ಲರೆ, ಅಷ್ಟೇ.

ಇನ್ನೊಂದು ಮಾತು. ಘೃಷ್ಣೇಶ್ವರ, ಎಲ್ಲೋರಾ ಎರಡೂ ಸಂಭಾಜಿನಗರಕ್ಕಿಂತ 30 ಕಿ.ಮೀ. ಹಿಂದೆಯೇ ಸಿಗುತ್ತವೆ. ಹಾರಿ ಹೋದವರು ವಾಪಸ್ ಬರಬೇಕು! ನಾವು ಕಾರು ಹಿಡಿದೆವು. ಯೇವಲಾದಲ್ಲಿ ಅಮ್ಮ ಪೈಠಣಿ ಸೀರೆ ನೋಡುತ್ತಾ ಒಂದು ಗಂಟೆ ಕೂತರು, ಮಂಡಿಗೂ ವಿಶ್ರಾಂತಿ. ನಮ್ಮ ರಾಷ್ಟ್ರಕೂಟರ ಒಂದನೇ ಕೃಷ್ಣ ಕಟ್ಟಿಸಿದ ಕೈಲಾಸವನ್ನೂ ನೋಡುವುದಿದ್ದರೆ ಮಂಗಳವಾರ ಬಿಟ್ಟು ಹೋಗಿ, ಅಂದು ಗುಹೆಗಳಿಗೆ ರಜೆ.