ಬಿಸಿಲಲ್ಲಿ ಅಚ್ಚಾಗುವ ನೀಲಿ ಚಿತ್ರಗಳು

ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿದ್ದು 1874ರಲ್ಲಿ. ಮುಂದಿನ ದಶಕದಲ್ಲಿ ಆ ಹಳಿಯ ಸಿಕಂದರಾಬಾದ್ ತುದಿಯಲ್ಲಿ ಸ್ಟುಡಿಯೊ ತೆರೆದವರು ಲಾಲಾ ದೀನ್ ದಯಾಳ್. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿ ಅವರು ಹೆಸರಾದರು. ವಾಡಿಯ ಸುತ್ತಲಿನ ಚಿತ್ತಾಪುರ, ಸೇಡಂ ಸೀಮೆಯೂ ಆಗ ನಿಜಾಮರ ಸಂಸ್ಥಾನದಲ್ಲೇ ಇತ್ತು. ಕಾಗದಕ್ಕೆ ಮೊಟ್ಟೆಯ ಬಿಳಿ ಲೋಳೆ ಹಚ್ಚಿ, ಬೆಳ್ಳಿಯ ಲವಣದಿಂದ ಅದನ್ನು ಬೆಳಕು ಗ್ರಹಿಸುವಂತೆ ಮಾಡಿ, ಮೇಲೆ ಗಾಜಿನ ನೆಗೆಟಿವ್ ಇಟ್ಟು ಬಿಸಿಲಿಗೆ ಒಡ್ಡುವುದು ಆ ಕಾಲದ ಮುದ್ರಣದ ರೀತಿ. ಅವರ 2,000ಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ.

ಮೊಬೈಲ್ ಕ್ಯಾಮೆರಾದ ಈ ಕಾಲದಲ್ಲಿ ಬಿಸಿಲಿನ ಮುದ್ರಣ ಮತ್ತೆ ಕಲಾವಿದರ ಕೈಗೆ ಬಂದಿದೆ. ಬೆಂಗಳೂರಿನಲ್ಲಿ ಛಾಯಾಗ್ರಾಹಕ ವಿವೇಕ್ ಮುತ್ತುರಾಮಲಿಂಗಂ ಅವರ ‘ಕಾಣಿಕೆ’ ಸ್ಟುಡಿಯೊ ಇಂಥ ಕೈಮುದ್ರಣದಲ್ಲಿ ತೊಡಗಿದೆ. ಶಾಂತಿನಿಕೇತನದ ಕಲಾಭವನದಲ್ಲಿ ಅರ್ಪಣ್ ಮುಖರ್ಜಿ ಹಳೆಯ ವಿಧಾನಗಳಲ್ಲಿ ಕೆಲಸ ಮಾಡುತ್ತ, ವಿದ್ಯಾರ್ಥಿಗಳಿಗೂ ಕಲಿಸುತ್ತ ಬಂದಿದ್ದಾರೆ.

ಇವುಗಳಲ್ಲಿ ಹೊಸಬರಿಗೆ ಸುಲಭವಾಗಿ ಒಗ್ಗುವುದು ಸಯನೊಟೈಪ್. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಇದನ್ನು ಕಂಡುಹಿಡಿದ. ಮರುವರ್ಷವೇ ಆನಾ ಅಟ್ಕಿನ್ಸ್ ಕಡಲ ಪಾಚಿಗಳನ್ನು ಕಾಗದದ ಮೇಲೆ ನೇರವಾಗಿ ಇಟ್ಟು ಮುದ್ರಿಸಿದ ಪುಸ್ತಕವನ್ನು ಕಂತು ಕಂತಾಗಿ ಹೊರತರತೊಡಗಿದಳು. ಎಂಜಿನಿಯರುಗಳ ನೀಲಿ ನಕ್ಷೆ ಹುಟ್ಟಿದ್ದೂ ಇದೇ ವಿಧಾನದಿಂದ.

ಬೇಕಾದವು ಎರಡೇ ರಾಸಾಯನಿಕ. 100 ಮಿಲಿಲೀಟರ್ ನೀರಿಗೆ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್ ಒಂದು ಬಾಟಲಿಯಲ್ಲಿ, ಅಷ್ಟೇ ನೀರಿಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್ ಇನ್ನೊಂದರಲ್ಲಿ. ಮಂದ ಬೆಳಕಿನ ಕೋಣೆಯಲ್ಲಿ ಎರಡನ್ನೂ ಸಮಪಾಲು ಬೆರೆಸಿ, ಅಗಲ ಕುಂಚದಿಂದ ದಪ್ಪ ಕಾಗದಕ್ಕೆ ಮೊದಲು ಅಡ್ಡಕ್ಕೆ, ಆಮೇಲೆ ಉದ್ದಕ್ಕೆ ಎಳೆಯಬೇಕು. ಒಣಗಿದ ಕಾಗದ ಹಸಿರು ಮಿಶ್ರಿತ ಹಳದಿಯಾಗಿ ಕಾಣುತ್ತದೆ. ಮೇಲೆ ನೆಗೆಟಿವ್, ಅದರ ಮೇಲೆ ಗಾಜು ಇಟ್ಟು ಬಿಸಿಲಿಗೆ ಹಿಡಿದರೆ ಹಳದಿ ಹಸಿರಾಗಿ, ಕೊನೆಗೆ ಕಂಚಿನ ಛಾಯೆಯ ಬೂದಿಬಣ್ಣಕ್ಕೆ ತಿರುಗುತ್ತದೆ. ಆಗ ನೀರಿಗೆ ಹಾಕಬೇಕು. ಬೆಳಕು ತಾಗದ ಕಡೆಯ ರಾಸಾಯನಿಕ ಹಳದಿ ನೀರಾಗಿ ಹರಿದುಹೋಗಿ, ನೀಲಿ ಉಳಿಯುತ್ತದೆ. ಒಣಗುತ್ತ ಒಂದು ದಿನದೊಳಗೆ ಅದು ಇನ್ನಷ್ಟು ಗಾಢವಾಗುತ್ತದೆ.

ಡಿಜಿಟಲ್ ಇಲ್ಲಿ ನೆರವಿಗೆ ಬರುತ್ತದೆ. ಈ ಮುದ್ರಣಕ್ಕೆ ಹಿಗ್ಗಿಸುವ ಯಂತ್ರ ಇಲ್ಲ. ಚಿತ್ರ ಎಷ್ಟು ದೊಡ್ಡದು ಬೇಕೋ ನೆಗೆಟಿವ್ ಅಷ್ಟೇ ದೊಡ್ಡದಿರಬೇಕು. ಮೊಬೈಲ್‌ನಲ್ಲಿ ತೆಗೆದ ಫೋಟೊವನ್ನು ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪಾಗಿಸಿ, ಬೆಳಕು-ನೆರಳು ಅದಲುಬದಲು ಮಾಡಿ, ಪಾರದರ್ಶಕ ಹಾಳೆಯ ಮೇಲೆ ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ಅಚ್ಚು ಹಾಕಿದರೆ ನೆಗೆಟಿವ್ ಸಿದ್ಧ. ಅಮೆರಿಕದ ಡ್ಯಾನ್ ಬರ್ಕ್‌ಹೋಲ್ಡರ್ 1995ರಲ್ಲಿ ಪ್ರಕಟಿಸಿದ ಕೈಪಿಡಿ ಡಿಜಿಟಲ್ ನೆಗೆಟಿವ್ ತಯಾರಿಸುವ ಕ್ರಮವನ್ನು ಅನೇಕರಿಗೆ ಕಲಿಸಿತು.

ಬಿಸಿಲಿಗಂತೂ ಚಿತ್ತಾಪುರ, ಶಹಾಬಾದ್ ಕಡೆ ಕೊರತೆಯೇ ಇಲ್ಲ. ಎಚ್ಚರ ಬೇಕಾದದ್ದು ನೀರಿನ ವಿಷಯದಲ್ಲಿ. ಈ ನೀಲಿಗೆ ಕ್ಷಾರ ಆಗಿಬರುವುದಿಲ್ಲ; ಸೋಡಾ ನೀರಿಗೆ ಹಾಕಿದರೆ ಬಣ್ಣ ಬಿಟ್ಟುಕೊಡುತ್ತದೆ. ಸುಣ್ಣದಕಲ್ಲಿನ ನೆಲದ ಗಡಸು ನೀರೂ ನಡುಛಾಯೆಗಳನ್ನು ಮಂಕಾಗಿಸಬಹುದು. ಮೊದಲ ತೊಳೆತದ ನೀರಿಗೆ ಸ್ವಲ್ಪ ವಿನೆಗರ್ ಬೆರೆಸುವುದು ಇದಕ್ಕೆ ರೂಢಿಯ ಉಪಾಯ. ಸುಣ್ಣದ ಪುಡಿ ಬೆರೆತ ಕಾಗದವನ್ನೂ ಮುದ್ರಕರು ದೂರವಿಡುತ್ತಾರೆ. ಶಹಾಬಾದಿನ ಹಾಸುಗಲ್ಲಿನ ಮೇಲೆಯೇ ಮುದ್ರಿಸುವ ಆಸೆಯಿದ್ದರೆ, ಕಲ್ಲು ಮತ್ತು ರಾಸಾಯನಿಕದ ನಡುವೆ ಜೆಲಟಿನ್‌ನಂಥ ಒಂದು ಪದರ ಹಾಕಿ ಪರೀಕ್ಷಿಸಿ ನೋಡಬೇಕಾಗುತ್ತದೆ.

ಚಿತ್ರವನ್ನು ಬಲವಾದ ಬೆಳಕಿನಲ್ಲಿ ಬಹುಕಾಲ ತೂಗುಹಾಕಿದರೆ ನೀಲಿ ಮಸುಕಾಗುತ್ತದೆ. ಕತ್ತಲಲ್ಲಿಟ್ಟರೆ ಬಹುಮಟ್ಟಿಗೆ ಮರಳುತ್ತದೆ. ನೀಲಿ ಬೇಡವೆನ್ನುವವರು ಚಹಾದ ಡಿಕಾಕ್ಷನ್‌ನಲ್ಲಿ ನೆನೆಸಿ ಕಪ್ಪು ಛಾಯೆ ತರುತ್ತಾರೆ.

ನಾಗಾವಿಯ ಅರವತ್ತು ಕಂಬದ ಗುಡಿ, ಸನ್ನತಿಯ ಶಿಲ್ಪ, ಮಳಖೇಡದ ಕೋಟೆ ಈ ಭಾಗದ ಎಷ್ಟೋ ಜನರ ಮೊಬೈಲ್‌ಗಳಲ್ಲಿವೆ. ಕಾಲೇಜಿನ ರಸಾಯನಶಾಸ್ತ್ರ ವಿಭಾಗದವರು ಜೊತೆಗೂಡಿ, ಕೈಗವಸು ಹಾಕಿಸಿ, ಫೆರಿಸಯನೈಡ್‌ಗೆ ತೀವ್ರ ಆಮ್ಲ ತಾಗದಂತೆ ನೋಡಿಕೊಂಡರೆ, ವಿದ್ಯಾರ್ಥಿಗಳು ಅವನ್ನು ಒಂದು ಭಾನುವಾರದ ಕಮ್ಮಟದಲ್ಲೇ ಕಾಗದಕ್ಕಿಳಿಸಬಹುದು.