ಹಾಲಿ ಸಿಕ್ಕಾ: ತೂಕದ ಬೆಲೆಯೋ, ಲಕ್ಷದ ಬೆಲೆಯೋ?

ಬೀದರ, ಕಲಬುರಗಿ, ರಾಯಚೂರು, ಕೊಪ್ಪಳ ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರ ಮನೆಗಳಲ್ಲಿ ಚಾರ್ಮಿನಾರ್ ಚಿತ್ರವಿರುವ ನಾಲ್ಕಾರು ಬೆಳ್ಳಿ ರೂಪಾಯಿಗಳು ಈಗಲೂ ಇವೆ. ಅಜ್ಜಿಯ ಟ್ರಂಕಿನಲ್ಲೋ ದೇವರ ಪೆಟ್ಟಿಗೆಯಲ್ಲೋ ಉಳಿದುಕೊಂಡ ನಿಜಾಮರ ಹಾಲಿ ಸಿಕ್ಕಾ ಅವು. ಬ್ರಿಟಿಷರ ರೂಪಾಯಿಯನ್ನು ನಮ್ಮ ಹಿರಿಯರು ಕಲದಾರ್ ಎನ್ನುತ್ತಿದ್ದರು. ಏಳು ಹಾಲಿ ರೂಪಾಯಿಗೆ ಸುಮಾರು ಆರು ಕಲದಾರ್, ಇದು ಆಗಿನ ಲೆಕ್ಕ. ಈಗಿನ ಲೆಕ್ಕ ಮಾತ್ರ ಯಾರಿಗೂ ಸರಿಯಾಗಿ ಗೊತ್ತಿಲ್ಲ.

ನಾನು ಈ ನಾಣ್ಯಗಳನ್ನು ಸಂಗ್ರಹಿಸುತ್ತೇನೆಂದು ತಿಳಿದವರು ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿ ಕೇಳುವುದು ಒಂದೇ ಪ್ರಶ್ನೆ: 'ಇದಕ್ಕೆ ಎಷ್ಟು ಬರುತ್ತದೆ?' ಅವರಿಗೆ ಆಗಲೇ ಎರಡು ಉತ್ತರ ಸಿಕ್ಕಿರುತ್ತವೆ. ಪೇಟೆಯ ಅಕ್ಕಸಾಲಿಗ ತಕ್ಕಡಿಗೆ ಹಾಕಿ ಹೇಳಿದ್ದು ಒಂದು, ಯೂಟ್ಯೂಬಿನವನು ಲಕ್ಷಗಟ್ಟಲೆ ಹೇಳಿದ್ದು ಇನ್ನೊಂದು. ಎರಡನೆಯದನ್ನು ನಂಬಿ 'ನೋಂದಣಿ ಶುಲ್ಕ' ಕಟ್ಟಿ ಹಣ ಕಳೆದುಕೊಂಡವರಿದ್ದಾರೆ. ತನ್ನ ಹೆಸರು ಹೇಳಿಕೊಂಡು ಹಳೆ ನೋಟು, ನಾಣ್ಯದ ವ್ಯವಹಾರಕ್ಕೆ ಶುಲ್ಕ ಕೇಳುವವರಿದ್ದಾರೆ, ಎಚ್ಚರ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಹೊರಡಿಸಬೇಕಾಯಿತು.

ಹಾಗಾದರೆ ಸರಿಯಾದ ಬೆಲೆ ಕಂಡುಕೊಳ್ಳುವುದು ಹೇಗೆ? ಮೊದಲು ತಳದ ಬೆಲೆ. ಹಾಲಿ ರೂಪಾಯಿಯ ತೂಕ 11.178 ಗ್ರಾಂ, ಅದರಲ್ಲಿ ಬೆಳ್ಳಿ ಶೇ. 81.8. ಅಂದರೆ ಒಂದು ರೂಪಾಯಿಯಲ್ಲಿ ಸುಮಾರು 9.14 ಗ್ರಾಂ ಶುದ್ಧ ಬೆಳ್ಳಿ. ಅಂದಿನ ಬೆಳ್ಳಿ ದರದಿಂದ ಗುಣಿಸಿ. ಅಸಲಿ ನಾಣ್ಯದ ಬೆಲೆ ಇದಕ್ಕಿಂತ ಕೆಳಗೆ ಹೋಗಬೇಕಾದ ಕಾರಣವಿಲ್ಲ. ತೂಕ ತೀರಾ ಕಡಿಮೆಯಿದ್ದರೆ ಅಥವಾ ಹೆಚ್ಚಿದ್ದರೆ ನಾಣ್ಯದ ಮೇಲೆಯೇ ಅನುಮಾನ ಪಡಬೇಕು.

ಎರಡನೆಯದು ಬಗೆ. 1911ರಲ್ಲಿ ಪಟ್ಟಕ್ಕೆ ಬಂದ ಮೀರ್ ಉಸ್ಮಾನ್ ಅಲಿ ಖಾನರ ರೂಪಾಯಿಯಲ್ಲಿ ಚಾರ್ಮಿನಾರ್ ಬಾಗಿಲ ಕಮಾನಿನೊಳಗೆ ಅವರ ಹೆಸರಿನ ಮೊದಲ ಅಕ್ಷರ 'ಐನ್' ಇದೆ. ಆರಂಭದ ನಾಣ್ಯಗಳಲ್ಲಿ ಆ ಅಕ್ಷರದ ಸ್ವಲ್ಪ ಭಾಗ ಮಾತ್ರ ಕಾಣುತ್ತದೆ. ಮುಂದಿನ ಹಲವು ವರ್ಷಗಳ ನಾಣ್ಯಗಳಲ್ಲಿ ಅದು ಪೂರ್ತಿಯಾಗಿದೆ. ಬರಿಗಣ್ಣಿಗೆ ಎರಡೂ ಒಂದೇ, ಸಂಗ್ರಹಕಾರನಿಗೆ ಬೇರೆ ಬೇರೆ. ಆದರೆ ಬಾಗಿಲಿನ ಜಾಗವೇ ಸವೆದುಹೋಗಿದ್ದರೆ ಯಾವ ಬಗೆ ಎಂದು ಸಾಬೀತು ಮಾಡಲಾಗುವುದಿಲ್ಲ. ಸಾಬೀತಾಗದ ಬಗೆಗೆ ಹೆಚ್ಚು ಹಣ ಕೊಡುವವರೂ ಇಲ್ಲ.

ಮೂರನೆಯದು ಸ್ಥಿತಿ. ನಾಣ್ಯದ ದರ್ಜೆಗೆ 1ರಿಂದ 70ರವರೆಗಿನ ಶೆಲ್ಡನ್ ಅಳತೆ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ನಮ್ಮ ಮನೆಗಳಲ್ಲಿ ನಾಣ್ಯ ಕೆಡುವುದು ಬೇರೆ ರೀತಿ: ಹಬ್ಬಕ್ಕೊಮ್ಮೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಫಳಫಳ ಮಾಡಿರುತ್ತಾರೆ, ಇಲ್ಲವೇ ಸರಕ್ಕೆಂದು ಕೊಂಡಿ ಬೆಸೆದಿರುತ್ತಾರೆ. ತಿಕ್ಕಿದ ಗೆರೆ, ಬೆಸುಗೆಯ ಕಲೆ ಎರಡೂ ಮತ್ತೆ ಹೋಗುವುದಿಲ್ಲ. ಕಪ್ಪಾಗಿರುವ ನಾಣ್ಯವನ್ನು ಕಪ್ಪಾಗಿಯೇ ಬಿಡಿ.

ನಾಲ್ಕನೆಯದು ಬೇಡಿಕೆ. ಅಪರೂಪ ಎಂದ ಮಾತ್ರಕ್ಕೆ ದುಬಾರಿಯಲ್ಲ. ಬ್ರಿಟಿಷ್ ಭಾರತದ 1939ರ ಬೆಳ್ಳಿ ರೂಪಾಯಿ ಉಳಿದದ್ದು ಬಹಳ ಕಡಿಮೆ. ಜೊತೆಗೆ ಆರನೇ ಜಾರ್ಜ್ ನಾಣ್ಯಗಳನ್ನು ವರ್ಷವಾರು ಜೋಡಿಸುವ ಪ್ರತಿಯೊಬ್ಬರಿಗೂ ಅದು ಬೇಕು. ಹಾಗಾಗಿ ಬೆಲೆ ಏರಿತು. ಅದರ ಹಿಂದೆಯೇ ಇಸವಿ ತಿದ್ದಿದ ನಕಲಿಗಳೂ ಬಂದವು. ಹಾಲಿ ಸಿಕ್ಕಾದ ಬಗೆಗಳನ್ನು ಹುಡುಕುವವರು ಅಷ್ಟಿಲ್ಲ. ಇನ್ನು ತುಂಬ ಜನ ಕೇಳುವ ವೈಷ್ಣೋದೇವಿಯ ಐದು ರೂಪಾಯಿ ಅಪರೂಪವೇ ಅಲ್ಲ.

ಕೊನೆಯದೇ ಮುಖ್ಯ: ನಿಜವಾಗಿ ಮಾರಾಟವಾದ ಬೆಲೆ. ಅಂಗಡಿಯವರು ಕೇಳುವ ಬೆಲೆ ಅವರ ಆಸೆ, ಕ್ಯಾಟಲಾಗಿನದು ಅಂದಾಜು. ಹರಾಜು ಸಂಸ್ಥೆಗಳು ಹಿಂದಿನ ಹರಾಜಿನ ಫಲಿತಾಂಶಗಳನ್ನು ಚಿತ್ರದೊಂದಿಗೆ ಪ್ರಕಟಿಸುತ್ತವೆ. ಅದೇ ಬಗೆ, ಅದೇ ಸ್ಥಿತಿಯ ನಾಲ್ಕೈದು ಮಾರಾಟಗಳನ್ನು ಹುಡುಕಿ ಸಾಲಾಗಿ ಬರೆದುಕೊಳ್ಳುತ್ತೇನೆ. ನನ್ನ ವೃತ್ತಿಯ ಅಭ್ಯಾಸ, ಸರಾಸರಿ ತೆಗೆಯುವುದಿಲ್ಲ, ನಡುವಿನ ಅಂಕಿ ನೋಡುತ್ತೇನೆ. ಇಬ್ಬರು ಹಠಕ್ಕೆ ಬಿದ್ದು ಕೂಗಿದ ಒಂದು ಹರಾಜು ಸರಾಸರಿಯನ್ನೇ ಕೆಡಿಸುತ್ತದೆ. ಕೊಳ್ಳುವವರು ಕೂಗಿನ ಬೆಲೆಯ ಮೇಲೆ ಕಮಿಷನ್, ತೆರಿಗೆ ಕೊಡುತ್ತಾರೆ. ಮಾರುವವರ ಪಾಲಿನಿಂದಲೂ ಕಮಿಷನ್ ಹೋಗಬಹುದು. ಆದ್ದರಿಂದ ಕೊಂಡವರು ಕೊಟ್ಟದ್ದು ಮಾರಿದವರ ಕೈಗೆ ಪೂರ್ತಿ ಸೇರುವುದಿಲ್ಲ. ವ್ಯಾಪಾರಿ ಸ್ವಲ್ಪ ಕಡಿಮೆಗೆ ಕೇಳಿದ ಮಾತ್ರಕ್ಕೆ ಅದು ಮೋಸವಲ್ಲ, ಅವರ ಅಂಗಡಿಯೂ ನಡೆಯಬೇಕು.

ಕಳೆದ ವರ್ಷ ರಾಯಚೂರಿನ ನಮ್ಮ ಸೋದರತ್ತೆ ಮಗಳ ಕಾಲೇಜು ಫೀಸಿಗೆಂದು ಇಪ್ಪತ್ತೆರಡು ಹಾಲಿ ರೂಪಾಯಿ ಮಾರಲು ಹೊರಟಿದ್ದರು. ಹಬ್ಬಕ್ಕೆ ಹೋದಾಗ ತಕ್ಕಡಿ, ಭೂತಗನ್ನಡಿ ಹಿಡಿದು ಇಬ್ಬರೂ ಕೂತೆವು. ಮೂರಕ್ಕೆ ಕೊಂಡಿಯ ಕಲೆ, ಹದಿನೆಂಟು ತಿಕ್ಕಿ ತಿಕ್ಕಿ ನುಣುಪಾದವು. ಒಂದೇ ಒಂದರಲ್ಲಿ ಅರ್ಧ ಐನ್ ಸ್ಪಷ್ಟವಾಗಿತ್ತು. ಇಪ್ಪತ್ತೊಂದಕ್ಕೆ ಬೆಳ್ಳಿಯ ಬೆಲೆ, ಹೆಚ್ಚೆಂದರೆ ಅದರ ಮೇಲೆ ಸ್ವಲ್ಪ ಎಂದೆ.

"ಇಷ್ಟ ಏನಪಾ? ಮೊಬೈಲಿನ್ಯಾಗ ಲಕ್ಷ ಅಂತಾರಲ್ಲ?"

"ಅವರು ಲಕ್ಷ ಅಂತಾರ ಅತ್ತಿ, ಕೊಡೂದಿಲ್ಲ. ಮೊದಲ ನಿಮ್ಮ ಹತ್ರಾನ ರೊಕ್ಕ ಕೇಳ್ತಾರ."

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎರಡು ಅಂಗಡಿಗಳಲ್ಲಿ ಬೆಳ್ಳಿ ದರ ಕೇಳಿ, ಬಿಲ್ ಪಡೆದು ಹದಿನೈದನ್ನು ಮಾರಿದರು. ಮೊದಲು ಒಪ್ಪಿಕೊಳ್ಳಲಿದ್ದ ಮೊತ್ತಕ್ಕಿಂತ ಹೆಚ್ಚೇ ಬಂತು, ಏಕೆಂದರೆ ಆ ಅಂಗಡಿಯವರು ಹಾಲಿ ಎಂದ ಕೂಡಲೇ ಅರ್ಧ ಬೆಳ್ಳಿಯ ಲೆಕ್ಕ ಹಿಡಿದಿದ್ದರು. ಅರ್ಧ ಐನ್ ರೂಪಾಯಿಯನ್ನು ಮಾರಲಿಲ್ಲ.

ಹೈದರಾಬಾದಿನಲ್ಲಿರುವವರು ಒಮ್ಮೆ ಸೈಫಾಬಾದಿನ ಹಳೆಯ ಟಂಕಸಾಲೆಗೆ ಹೋಗಿ ಬನ್ನಿ. 1903ರಲ್ಲಿ ಆರಂಭವಾದ ಆ ಕಟ್ಟಡದಲ್ಲಿ 2022ರಲ್ಲಿ ಮ್ಯೂಸಿಯಂ ತೆರೆದಿದ್ದಾರೆ. ಅಸಲಿ ನಾಣ್ಯಗಳನ್ನು ನಾಲ್ಕು ಸಲ ನೋಡಿದರೆ ಕಣ್ಣು ಪಳಗುತ್ತದೆ. ಆಮೇಲೆ ಊರಿನ ಪೆಟ್ಟಿಗೆ ತೆರೆಯಿರಿ. ಮಾರುವುದೋ ಬಿಡುವುದೋ ನಿಮಗೆ ಬಿಟ್ಟದ್ದು, ಆದರೆ ತೂಕ, ಬಗೆ, ಸ್ಥಿತಿ ಮೂರನ್ನೂ ಚೀಟಿಯಲ್ಲಿ ಬರೆದುಕೊಳ್ಳದೆ ಯಾರ ಮುಂದೆಯೂ ನಾಣ್ಯ ಇಡಬೇಡಿ.